ಮುಟ್ಟಬಾರದ ಪಾಠೋಪಕರಣಗಳು

ಕಳೆದ ತಿಂಗಳು ಒಂದು ತಾಲ್ಲೂಕು ಕೇಂದ್ರದಲ್ಲಿ ಏರ್ಪಡಿಸಿದ್ದ ಪಾಠೋಪಕರಣಗಳ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಬೇಕಾಯಿತು. ನಿವೃತ್ತನಾದ ಮೇಲೆ ಇಂಥ ಆಹ್ವಾನಗಳು ವರ್ಷಕ್ಕೆ ಒಂದೆರಡು ಬರುತ್ತವೆ. ಒಂದು ಶಾಲು, ಒಂದು ಹಾರ, ಒಂದು ಲೋಟ ಕಾಫಿ, ಆಮೇಲೆ ನಾಲ್ಕು ಒಳ್ಳೆಯ ಮಾತು. ಇಷ್ಟು ಮುಗಿಸಿಕೊಂಡು ಸಂಜೆಯ ಬಸ್ಸಿಗೆ ಮನೆ ಸೇರುವುದು ವಾಡಿಕೆ. ಈ ಸಲ ಆ ನಾಲ್ಕು ಒಳ್ಳೆಯ ಮಾತುಗಳು ನನ್ನ ಬಾಯಿಂದ ಹೊರಡಲಿಲ್ಲ. ಅಲ್ಲಿ ಆಡಲಾರದೆ ನುಂಗಿಕೊಂಡ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುಗರು ನನ್ನ ಕಟುತ್ವವನ್ನು ಮನ್ನಿಸಬೇಕು.

ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳಿಗಾಗಿ ಶಿಕ್ಷಕರು ತಯಾರಿಸಿದ ಸಾಮಗ್ರಿಗಳು ಅವು. ಥರ್ಮೋಕೋಲಿನ ಸಂಖ್ಯಾಮನೆಗಳು, ಮಿರುಗುವ ಕಾಗದ ಸುತ್ತಿದ ಅಕ್ಷರವೃಕ್ಷಗಳು, ಬಣ್ಣದ ದೀಪ ಹೊತ್ತಿಕೊಳ್ಳುವ ಕಾಗುಣಿತ ಚಕ್ರಗಳು. ಒಂದೊಂದರ ಹಿಂದೆಯೂ ನಿದ್ದೆಗೆಟ್ಟ ರಾತ್ರಿಗಳಿದ್ದವು, ಸ್ವಂತ ಸಂಬಳದ ನೂರಾರು ರೂಪಾಯಿಗಳಿದ್ದವು. ಆದರೆ ಮುಕ್ಕಾಲುಪಾಲು ಮೇಜುಗಳ ಮೇಲೆ ಅಂದವಾದ ಅಕ್ಷರಗಳಲ್ಲಿ ಬರೆದ ಒಂದು ಚೀಟಿಯೂ ಇತ್ತು: ‘ದಯವಿಟ್ಟು ಮುಟ್ಟಬೇಡಿ.’ ಆ ಶಾಲೆಯದೇ ಆದ ಒಂದು ಪುಟ್ಟ ಹುಡುಗಿ, ಎರಡನೆಯ ತರಗತಿಯವಳಿರಬೇಕು, ಸಂಖ್ಯಾಮನೆಯ ಕಿಟಕಿಯೊಂದನ್ನು ತೆರೆಯಲು ಬೆರಳು ಚಾಚಿದಳು. ಪಕ್ಕದಲ್ಲಿದ್ದ ಶಿಕ್ಷಕಿ ಆ ಕೈಯನ್ನು ಮೆಲ್ಲಗೆ ಸರಿಸಿ, “ಬೇಡ ಪುಟ್ಟಿ, ಕಿತ್ತುಹೋಗುತ್ತೆ. ಸಾರ್ ನೋಡಬೇಕು” ಎಂದರು. ಸಾರ್ ಎಂದರೆ ನಾನು. ಎಪ್ಪತ್ತು ದಾಟಿದ, ಸಂಖ್ಯೆಗಳನ್ನು ಕಲಿಯುವ ಅಗತ್ಯವೇ ಇಲ್ಲದ ಮುದುಕ ಅದನ್ನು ಮುಟ್ಟಬಹುದು. ಯಾರಿಗಾಗಿ ಅದನ್ನು ಮಾಡಲಾಯಿತೋ ಆ ಮಗು ಮುಟ್ಟಕೂಡದು.

ಆ ಶಿಕ್ಷಕಿಯನ್ನು ನಾನು ದೂಷಿಸುತ್ತಿಲ್ಲ. ಅವರಿಂದ ಇಲಾಖೆ ಕೇಳಿದ್ದು ಪ್ರದರ್ಶನ. ಅವರು ಕೊಟ್ಟಿದ್ದೂ ಪ್ರದರ್ಶನವೇ. ನನ್ನ ಜಗಳವಿರುವುದು ಆ ಕೇಳಿಕೆಯೊಂದಿಗೆ. ಪಾಠೋಪಕರಣವೆಂದರೆ ನೋಡುವ ವಸ್ತು ಎಂಬ ಭ್ರಮೆ ನಮ್ಮ ಶಾಲೆಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಯಾರೂ ಭ್ರಮೆಯೆಂದು ಗುರುತಿಸುವುದೇ ಇಲ್ಲ. ಇದನ್ನು ಬರೆಯಲು ನನಗಿರುವ ಅರ್ಹತೆ ಒಂದೇ: ಆ ತಪ್ಪನ್ನು ನಾನೂ ಮಾಡಿದ್ದೇನೆ, ಒಂದೆರಡು ದಿನವಲ್ಲ, ಹಲವು ವರ್ಷ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಎಂಬ ಯೋಜನೆ ಬಂದದ್ದು ಹಳಬರಿಗೆ ನೆನಪಿರಬಹುದು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಜೊತೆಗೆ ಕಪ್ಪುಹಲಗೆ, ನಕ್ಷೆ, ಆಟಿಕೆ, ಪುಸ್ತಕ ಮೊದಲಾದ ಅವಶ್ಯಕ ಸಾಮಗ್ರಿ ಎಂಬುದು ಅದರ ಸಂಕಲ್ಪ. ನಾನಿದ್ದ ಕಿರಿಯ ಪ್ರಾಥಮಿಕ ಶಾಲೆಗೂ ಒಂದು ಪೆಟ್ಟಿಗೆ ಬಂತು. ಎತ್ತಿನ ಗಾಡಿಯಿಂದ ಅದನ್ನು ಇಳಿಸಿದ ದಿನ ನಾಲ್ಕೂ ತರಗತಿಯ ಮಕ್ಕಳು ಸುತ್ತ ಮುತ್ತಿಕೊಂಡಿದ್ದರು. ಅಂದಿನ ಮುಖ್ಯೋಪಾಧ್ಯಾಯರು ಪಟ್ಟಿಯೊಂದಿಗೆ ತಾಳೆ ನೋಡಿ, ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ಪೆಟ್ಟಿಗೆಗೆ ಬೀಗ ಹಾಕಿದರು. ಕೆಲವು ವರ್ಷಗಳ ನಂತರ ಆ ಹುದ್ದೆಗೆ ನಾನೇ ಬಂದೆ. ಬೀಗದ ಕೈ ನನ್ನ ಜನಿವಾರಕ್ಕೆ ಕಟ್ಟಿಕೊಂಡಷ್ಟು ಭದ್ರವಾಗಿ ನನ್ನಲ್ಲಿತ್ತು. ಒಂದು ತೂಕದ ಬಟ್ಟು ಕಳೆದರೂ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂಬ ಅಂಜಿಕೆಯಿಂದ ನಾನೂ ಅದನ್ನು ತೆರೆಯಲಿಲ್ಲ. ತಪಾಸಣೆಯ ದಿನ ಮಾತ್ರ ಅದು ತೆರೆಯುತ್ತಿತ್ತು.

2001ರಲ್ಲಿ ವರ್ಗಾವಣೆಯಾಗಿ ಅಧಿಕಾರ ವಹಿಸಿಕೊಡುವಾಗ ಪೆಟ್ಟಿಗೆಯನ್ನು ಕಡೆಯ ಬಾರಿ ಬಿಚ್ಚಿದೆ. ತಕ್ಕಡಿ ತುಕ್ಕು ಹಿಡಿದಿತ್ತು. ಕಥೆಪುಸ್ತಕಗಳ ಬೆನ್ನನ್ನು ಗೆದ್ದಲು ತಿಂದಿತ್ತು. ಭೂಗೋಳವನ್ನು ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡು ಸಮುದ್ರಗಳೊಂದಿಗೇ ಕಿತ್ತುಬಂತು. ಆದರೆ ಲೆಕ್ಕ ಸರಿಯಾಗಿತ್ತು. ಒಂದು ವಸ್ತುವೂ ಕಳೆದಿರಲಿಲ್ಲ. ಹೊಸದಾಗಿ ಬಂದವರು ನನ್ನ ಪ್ರಾಮಾಣಿಕತೆಯನ್ನು ಹೊಗಳಿ ಸಹಿ ಹಾಕಿದರು.

ಕೆಲವು ವರ್ಷಗಳ ಕೆಳಗೆ ಆ ಊರಿನ ಜಾತ್ರೆಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಮೂರನೆಯ ತರಗತಿಯಲ್ಲಿ ಕಳೆಯುವ ಲೆಕ್ಕ ಬಾರದೆ ನನ್ನಿಂದ ಬಹಳ ಏಟು ತಿಂದವನು. ನಾಲ್ಕಕ್ಕೇ ಶಾಲೆ ಬಿಟ್ಟವನು. ಈಗ ಕುರಿ ವ್ಯಾಪಾರ ಮಾಡುತ್ತಾನೆ, ಲಕ್ಷಗಟ್ಟಲೆ ವ್ಯವಹಾರವನ್ನು ಬಾಯಿಲೆಕ್ಕದಲ್ಲೇ ಮುಗಿಸುತ್ತಾನೆ. ಕಬ್ಬಿನ ಹಾಲು ಕುಡಿಸಿ, ಮನೆಯ ಸಮಾಚಾರವನ್ನೆಲ್ಲ ಕೇಳಿ, ಕಡೆಗೆ ಸ್ವಲ್ಪ ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದ: “ಮೇಷ್ಟ್ರೇ, ಆ ಪೆಟ್ಟಿಗೆಯೊಳಗೆ ಏನಿತ್ತು?”

ಮೂವತ್ತು ವರ್ಷ ಆ ಪ್ರಶ್ನೆಯನ್ನು ಅವನು ಇಟ್ಟುಕೊಂಡಿದ್ದ. ನಾನು ಹೇಳಿದೆ: ತಕ್ಕಡಿ, ಮಣಿಚೌಕಟ್ಟು, ಭೂಗೋಳ, ಪುಸ್ತಕಗಳು. “ಅಷ್ಟೇನಾ?” ಎಂದ. ಆ ‘ಅಷ್ಟೇನಾ’ ಎಂಬ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ಕುರಿಗಳ ಮೇಲೆ ಕೈಯಾಡಿಸುತ್ತ ಲೆಕ್ಕ ಕಲಿತವನಿಗೆ ಮಣಿಚೌಕಟ್ಟಿನ ಮೇಲೆ ಕೈಯಾಡಿಸಲು ನಾನು ಬಿಟ್ಟಿದ್ದರೆ ಅವನು ಶಾಲೆಯಲ್ಲಿ ಉಳಿಯುತ್ತಿದ್ದನೇ? ಹೇಳಲಾರೆ. ಆದರೆ ನಾನು ಬಿಡಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಬೀಗದ ಕಥೆ ಹೊಸತೇನೂ ಅಲ್ಲ. 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮರಿಯಾ ಮಾಂಟೆಸ್ಸೊರಿ ತಮ್ಮ ಮೊದಲ ಶಿಶುಗೃಹವನ್ನು ತೆರೆದಾಗ, ಅಲ್ಲಿಯೂ ಸಾಮಗ್ರಿಗಳು ಬೀರುವಿನಲ್ಲಿ ಬೀಗದೊಳಗೇ ಇದ್ದವು. ಶಿಕ್ಷಕಿಯೇ ತೆಗೆದು ಹಂಚಿ, ಪುನಃ ಒಳಗಿಡುತ್ತಿದ್ದಳು. ಒಂದು ದಿನ ಆಕೆ ಬೀಗ ಹಾಕಲು ಮರೆತು, ಮರುದಿನ ತಡವಾಗಿ ಬಂದಳು. ಬಂದು ನೋಡಿದರೆ ಮಕ್ಕಳು ತಾವೇ ಬೀರು ತೆರೆದು ಬೇಕಾದುದನ್ನು ಆಯ್ದುಕೊಂಡಿದ್ದರು. ಇದು ಕಳ್ಳತನ, ಶಿಕ್ಷಿಸಬೇಕು ಎಂಬುದು ಶಿಕ್ಷಕಿಯ ಅಭಿಪ್ರಾಯ. ಮಾಂಟೆಸ್ಸೊರಿ ಅವರಿಗೆ ಕಂಡದ್ದು ಬೇರೆ: ಯಾವ ವಸ್ತು ಎಲ್ಲಿದೆ, ತನಗೆ ಯಾವುದು ಬೇಕು ಎಂಬುದು ಮಗುವಿಗೆ ಗೊತ್ತಿದೆ. ಆಮೇಲೆ ಎತ್ತರದ ಬೀರು ಹೋಗಿ ಮಕ್ಕಳ ಕೈಗೆ ಎಟುಕುವ ತಗ್ಗಿನ ಬೀರುಗಳು ಬಂದವು. ಆ ಮಹಾತಾಯಿ 1939ರಲ್ಲಿ ನಮ್ಮ ದೇಶಕ್ಕೇ ಬಂದು, ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು. ಅವರ ಹೆಸರನ್ನು ನಾವು ಊರೂರಿನ ನಾಮಫಲಕಗಳಿಗೆ ಏರಿಸಿದೆವು. ತಗ್ಗಿನ ಬೀರುವನ್ನು ಮರೆತೆವು.

ಕರ್ನಾಟಕಕ್ಕೆ ಈ ಪಾಠ ಸ್ವಂತ ನೆಲದಲ್ಲೇ ಸಿಕ್ಕಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ‘ನಲಿ-ಕಲಿ’ಯನ್ನು ರೂಪಿಸಿದರು. ಪಠ್ಯವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು ಕಲಿಕೆಯ ಏಣಿ ಮಾಡಿದರು. ಪ್ರತಿ ಮೆಟ್ಟಿಲಿಗೂ ಕಾರ್ಡುಗಳನ್ನು ಬರೆದರು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಳಿದು ಪ್ರತಿ ಮಗುವಿಗೂ ಅದರದೇ ಹಲಗೆಯನ್ನು ಕೊಟ್ಟರು. ಮಕ್ಕಳ ಕೈಕೆಲಸವನ್ನು ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ ಕಟ್ಟಿದರು. ಗುಂಪು ಗುಂಪಾಗಿ ಕುಳಿತ ಮಕ್ಕಳು ತಮ್ಮ ಕಾರ್ಡನ್ನು ತಾವೇ ಎದ್ದು ತಂದುಕೊಳ್ಳುವ ಆ ದೃಶ್ಯ ಹೊಸದು. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಅಲ್ಲಿಯೇ ಒಂದು ಎಡವಟ್ಟೂ ಆಯಿತೆಂಬುದು ನನ್ನ ಅಭಿಪ್ರಾಯ. ಕಾರ್ಡು ಬರೆದ ಶಿಕ್ಷಕ ಅದನ್ನು ಹರಿದುಹೋದಾಗ ತಿರುಗಿ ಬರೆಯಬಲ್ಲ. ಅಚ್ಚಾಗಿ ಬಂದ ಕಾರ್ಡನ್ನು ‘ಪಡೆದುಕೊಂಡ’ ಶಿಕ್ಷಕ ಅದನ್ನು ಕಾಯುತ್ತಾನೆ. ಸೃಷ್ಟಿಕರ್ತನಾಗಿದ್ದವನು ಉಗ್ರಾಣಿಯಾದ. ಹಳೆಯ ಪೆಟ್ಟಿಗೆಯ ಬೀಗ ಇನ್ನೊಂದು ರೂಪದಲ್ಲಿ ಹಿಂತಿರುಗಿತು.

ಇನ್ನು ಎದುರುವಾದಿಗಳ ಕಡೆಗೆ ಬರುತ್ತೇನೆ.

ನನ್ನ ವಯಸ್ಸಿನ ಸ್ನೇಹಿತರು ಹೇಳುವುದುಂಟು: “ನಮಗೆ ಯಾವ ಸಾಮಗ್ರಿ ಇತ್ತು? ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿಯಲಿಲ್ಲವೇ?” ಸ್ವಾಮಿ, ಆ ಮರಳೇ ಸಾಮಗ್ರಿ. ಅದಕ್ಕಿಂತ ಉತ್ತಮವಾದುದು ಇಂದಿಗೂ ಬಂದಿಲ್ಲ. ಬೆರಳಿಗೆ ಅಕ್ಷರದ ಸುಳಿ ತಿಳಿಯುತ್ತದೆ, ತಪ್ಪಿದರೆ ಅಳಿಸಲು ಒಂದು ಸವರು ಸಾಕು, ಕಳೆದುಹೋಗುವ ಭಯವಿಲ್ಲ, ದಾಸ್ತಾನು ಪುಸ್ತಕಕ್ಕೆ ಅದು ಸಿಕ್ಕುವುದಿಲ್ಲ. ನಮ್ಮ ಹಿರಿಯರು ಸಾಮಗ್ರಿಯಿಲ್ಲದೆ ಕಲಿಸಲಿಲ್ಲ, ಬೀಗವಿಲ್ಲದ ಸಾಮಗ್ರಿಯಿಂದ ಕಲಿಸಿದರು.

ಇನ್ನೊಂದು ಪಂಗಡ ಖಾಸಗಿ ಶಿಶುವಿಹಾರಗಳದು. ಈಗ ಸರ್ಕಾರಿ ಶಾಲೆಗಳೂ ಅದೇ ದಾರಿ ಹಿಡಿದಿವೆ. ನಾಲ್ಕು ಗೋಡೆ, ಬಾಗಿಲು, ಕಂಬ, ಕಡೆಗೆ ಛಾವಣಿಯನ್ನೂ ಬಿಡದೆ ಚಿತ್ರ, ಗಾದೆ, ಮಗ್ಗಿ, ರಾಷ್ಟ್ರನಾಯಕರು. ನೋಡುವ ಪೋಷಕರಿಗೆ ಆನಂದ. ಮಗುವಿಗೆ? 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಕಿಂಡರ್‌ಗಾರ್ಟನ್‌ನ 24 ಮಕ್ಕಳಿಗೆ ಕೆಲವು ಪಾಠಗಳನ್ನು ತುಂಬ ಅಲಂಕರಿಸಿದ ಕೋಣೆಯಲ್ಲಿಯೂ ಕೆಲವನ್ನು ಬರಿಯ ಗೋಡೆಯ ಕೋಣೆಯಲ್ಲಿಯೂ ಮಾಡಿ ನೋಡಿದರು. ಬರಿಗೋಡೆಯ ಕೋಣೆಯಲ್ಲಿ ಕಲಿತ ಪಾಠಗಳಿಗೆ ಮಕ್ಕಳ ಸರಿಯುತ್ತರ ಶೇ. 55ರಷ್ಟು, ಅಲಂಕೃತ ಕೋಣೆಯಲ್ಲಿ ಶೇ. 42. ಇದು ಸಣ್ಣ ಪ್ರಯೋಗ, ಇದರಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಸಂತೆಯ ನಡುವೆ ಕುಳಿತು ಕೊಂಬು ಕೊಡುವುದನ್ನು ಕಲಿ ಎಂದರೆ ಮಗು ಸಂತೆಯನ್ನೇ ನೋಡುತ್ತದೆಂದು ತಿಳಿಯಲು ಬಹಳ ಪಾಂಡಿತ್ಯ ಬೇಕಾಗಿಲ್ಲ. ಗೋಡೆಯ ಮೇಲೆ ಈ ವಾರದ ಪಾಠಕ್ಕೆ ಬೇಕಾದುದು ಮಾತ್ರ ಇರಲಿ, ಅದೂ ಮಗುವಿನ ಕಣ್ಣಿನ ಎತ್ತರದಲ್ಲಿ. ಆರು ಅಡಿ ಮೇಲೆ ತೂಗಿದ ಅಕ್ಷರಮಾಲೆಯನ್ನು ಓದುವವರು ಹಲ್ಲಿಗಳು ಮಾತ್ರ.

ಬರಿದೇ ಬೈದು ಮುಗಿಸುವುದು ಮೇಷ್ಟರಿಗೆ ತಕ್ಕುದಲ್ಲ. ವರ್ಗಾವಣೆಯ ನಂತರ, ಪಶ್ಚಾತ್ತಾಪವೆಂದೇ ಇಟ್ಟುಕೊಳ್ಳಿ, ಮುಂದಿನ ಶಾಲೆಯಲ್ಲಿ ನಾನು ಮಾಡಿನೋಡಿದ ಕೆಲವನ್ನು ಹೇಳುತ್ತೇನೆ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಶಿಕ್ಷಕರೊಬ್ಬರಿಗೆ ವರ್ಷಕ್ಕೆ 500 ರೂಪಾಯಿ ಸಾಮಗ್ರಿಗೆಂದು ಬರುತ್ತಿತ್ತು. ಅಷ್ಟೂ ಖರ್ಚಾಗದ ವರ್ಷಗಳಿದ್ದವು.

ಮೊದಲನೆಯದು ಅಕ್ಷರ. ನಮ್ಮ ಒಂದನೆಯ ತರಗತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಲ್ಲದೆ ರ, ಗ, ಸ, ದ, ಅ ಎಂಬ ಕ್ರಮದಲ್ಲಿ ಆರಂಭಿಸುವುದು ರೂಢಿಗೆ ಬಂದಿದೆ. ಐದೇ ಅಕ್ಷರ ಕಲಿತೊಡನೆ ಮಗು ಅರಸ, ಅಗಸ, ಸರ, ದರ, ಗರಗಸ ಎಂದು ಪದ ಕಟ್ಟಬಲ್ಲದು ಎಂಬುದು ಅದರ ಜಾಣ್ಮೆ. ಆದರೆ ಅಂಗಡಿಯಿಂದ ಕೊಂಡ ಅಕ್ಷರಪೆಟ್ಟಿಗೆಯಲ್ಲಿ ಪ್ರತಿ ಅಕ್ಷರವೂ ಒಂದೊಂದೇ. ಅದರಲ್ಲಿ ‘ಗರಗಸ’ ಕಟ್ಟಲು ಬರುವುದಿಲ್ಲ, ‘ಸರಸ’ವೂ ಬರುವುದಿಲ್ಲ. ಅದನ್ನು ಮಾಡಿದವರು ಅದರೊಂದಿಗೆ ಒಮ್ಮೆಯೂ ಆಡಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ನಾವು ಊರಿನ ಹಳೆಯ ಲಗ್ನಪತ್ರಿಕೆಗಳನ್ನು ಕೂಡಿಸಿ, ಕತ್ತರಿಸಿ, ಹಿಂಬದಿಯಲ್ಲಿ ಒಂದೊಂದು ಅಕ್ಷರವನ್ನು ಎಂಟೆಂಟು ಸಲ ಬರೆದೆವು. ಒಂದು ಸುಗ್ಗಿಯ ಮದುವೆಗಳು ಇಡೀ ತರಗತಿಗೆ ಸಾಕು.

ಎರಡನೆಯದು ಕಾಗುಣಿತ. ತಲೆಕಟ್ಟಿಲ್ಲದ ‘ಕ’ದ ದೇಹವನ್ನು ಒಂದು ರಟ್ಟಿನ ಮೇಲೆ ಬರೆದು, ತಲೆಕಟ್ಟು, ಗುಡಿಸು, ಏತ್ವಗಳನ್ನು ಬೇರೆ ಬೇರೆ ಚೂರುಗಳಲ್ಲಿ ಬರೆದು, ಮೇಲಿಟ್ಟು ಜೋಡಿಸಲು ಕೊಟ್ಟೆ. ಇಳಿ, ಕೊಂಬುಗಳು ಪಕ್ಕಕ್ಕೆ. ತಲೆಕಟ್ಟು ತೆಗೆದು ಗುಡಿಸು ಇಟ್ಟರೆ ‘ಕ’ ಹೋಗಿ ‘ಕಿ’ ಆಗುತ್ತದೆಂಬುದನ್ನು ಮಗು ಬೆರಳಿನಿಂದಲೇ ಕಂಡುಕೊಂಡಿತು. ಒಂದು ದಿನ ಒಬ್ಬ ಹುಡುಗಿ ಚೂರುಗಳನ್ನು ಹಿಡಿದು ಓಡಿಬಂದು, “ಸಾರ್, ‘ಜ’ಕ್ಕೆ ಟೋಪಿನೇ ಇಲ್ಲ!” ಎಂದಳು. ಮರುದಿನ ‘ಬ’, ‘ಲ’ಗಳನ್ನೂ ಹುಡುಕಿ ತಂದಳು. ಅಷ್ಟು ವರ್ಷ ಕನ್ನಡ ಕಲಿಸಿದ್ದ ನಾನು ಅದನ್ನು ಮಕ್ಕಳಿಗೆ ಒಮ್ಮೆಯೂ ತೋರಿಸಿರಲಿಲ್ಲ.

ಮೂರನೆಯದು ಲೆಕ್ಕ. ಖಾಲಿ ಬೆಂಕಿಪೊಟ್ಟಣಕ್ಕೆ ಹತ್ತು ಹುಣಿಸೆಬೀಜ. 32ರಲ್ಲಿ 15 ಕಳೆ ಎಂದರೆ ಮಗುವಿನ ಮುಂದೆ ಮೂರು ಪೊಟ್ಟಣ, ಎರಡು ಬಿಡಿ ಬೀಜ. ಐದು ತೆಗೆಯಲು ಬಿಡಿಬೀಜ ಸಾಲದು. ಒಂದು ಪೊಟ್ಟಣ ಬಿಚ್ಚಿದರೆ ಹನ್ನೆರಡಾಯಿತು. ಐದು ತೆಗೆ, ಒಂದು ಪೊಟ್ಟಣ ತೆಗೆ; ಉಳಿದದ್ದು ಒಂದು ಪೊಟ್ಟಣ, ಏಳು ಬೀಜ. ‘ಪಕ್ಕದ ಮನೆಯಿಂದ ಸಾಲ ತರುವುದು’ ಎಂಬ ಮಂತ್ರವನ್ನು ಕೋಲು ಹಿಡಿದು ಬಾಯಿಪಾಠ ಮಾಡಿಸುತ್ತಿದ್ದ ನನಗೆ, ಅದು ಒಂದು ಪೊಟ್ಟಣವನ್ನು ಬಿಚ್ಚುವುದಷ್ಟೇ ಎಂದು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು. ಕುರಿ ವ್ಯಾಪಾರಿಯ ಬೆನ್ನಿನ ಮೇಲಿನ ಏಟುಗಳಿಗೆ ಇದೇ ಕಾರಣ.

ಸಾಮಗ್ರಿಗಿಂತ ಮುಖ್ಯವಾದುದು ಅದರ ಜಾಗ. ಹಣ್ಣಿನ ಪೆಟ್ಟಿಗೆಗಳನ್ನು ಮಲಗಿಸಿ ಜೋಡಿಸಿದರೆ ಎರಡಡಿ ಎತ್ತರದ ತೆರೆದ ಕಪಾಟು. ಪ್ರತಿ ವಸ್ತುವಿಗೂ ಒಂದೇ ಜಾಗ, ಆ ಜಾಗದಲ್ಲಿ ಅದರದೇ ನೆರಳುಚಿತ್ರ. ಓದಲು ಬಾರದ ಮಗುವೂ ತಂದಲ್ಲಿಯೇ ಇಡುತ್ತದೆ. ಹಳೆಯ ಸೀರೆಗೆ ಜೇಬು ಹೊಲಿದು ಗೋಡೆಗೆ ತೂಗಿದರೆ ಕಾರ್ಡುಗಳಿಗೆ ಮನೆಯಾಯಿತು. ಒಮ್ಮೆಗೆ ಏಳೆಂಟು ಸಾಮಗ್ರಿ ಮಾತ್ರ ಹೊರಗಿರಲಿ, ತಿಂಗಳಿಗೊಮ್ಮೆ ಬದಲಾಗಲಿ. ಒಬ್ಬೊಬ್ಬ ಮಗು ಒಂದೊಂದು ದಿನ ಕಪಾಟಿನ ಯಜಮಾನ. ಪಾಠ ಮುಗಿಯಲು ಐದು ನಿಮಿಷ ಮೊದಲು ಎಲ್ಲವೂ ಮನೆ ಸೇರಬೇಕು. ಮೊದಲ ತಿಂಗಳು ಗೊಂದಲವೇ ಗೊಂದಲ; ಎರಡನೆಯ ತಿಂಗಳು ನನ್ನ ಅಗತ್ಯವೇ ಇರಲಿಲ್ಲ.

“ಒಬ್ಬನೇ ಶಿಕ್ಷಕ, ಮೂರು ತರಗತಿ, ಇದಕ್ಕೆಲ್ಲ ಪುರುಸೊತ್ತೆಲ್ಲಿ?” ಎಂಬ ಪ್ರಶ್ನೆ ನ್ಯಾಯವಾದದ್ದು. ಬಿಸಿಯೂಟದ ಲೆಕ್ಕ, ಗಣತಿ, ಮೊಬೈಲಿನಲ್ಲಿ ತುಂಬಬೇಕಾದ ವರದಿಗಳು, ಇವುಗಳ ನಡುವೆ ಇಂದಿನ ಶಿಕ್ಷಕರು ಉಸಿರು ಕಟ್ಟಿ ದುಡಿಯುತ್ತಿರುವುದನ್ನು ಬಲ್ಲೆ. ಆದರೆ ಮೂರು ತರಗತಿಯ ಒಬ್ಬ ಶಿಕ್ಷಕನಿಗೇ ಇದು ಎಲ್ಲರಿಗಿಂತ ಹೆಚ್ಚು ಅಗತ್ಯ. ಎರಡು ತರಗತಿಗಳ ಕೈಗೆ ಕೆಲಸವಿದ್ದರೆ ತಾನೇ ಮೂರನೆಯದಕ್ಕೆ ಪಾಠ ಹೇಳಲು ಸಾಧ್ಯ? ಸಾಮಗ್ರಿ ಆತನ ಹೊರೆಯಲ್ಲ, ಆತನ ಜೊತೆಗಾರ.

“ಕಳೆದುಹೋಗುತ್ತವೆ” ಎಂಬುದು ಕಡೆಯ ಆಕ್ಷೇಪ. ಕಳೆಯುತ್ತವೆ, ಹರಿಯುತ್ತವೆ, ಕೆಲವು ಮಗುವಿನ ಜೇಬಿನಲ್ಲಿ ಮನೆಗೂ ಹೋಗುತ್ತವೆ. ಸೀಮೆಸುಣ್ಣ ಸವೆದಾಗ ನಾವು ಯಾರನ್ನೂ ದಂಡಿಸುವುದಿಲ್ಲ. ಅದು ಸವೆಯಲೆಂದೇ ಇದೆ. ಪಾಠೋಪಕರಣವೂ ಹಾಗೆಯೇ. ಶಿಕ್ಷಣ ಹಕ್ಕು ಕಾಯಿದೆ 2010ರಿಂದ ಜಾರಿಯಲ್ಲಿದೆ. ಬೋಧನ-ಕಲಿಕಾ ಸಾಮಗ್ರಿ ಪ್ರತಿ ತರಗತಿಗೂ ಅಗತ್ಯಕ್ಕೆ ತಕ್ಕಂತೆ ಇರಬೇಕೆಂದು ಅದರ ಅನುಸೂಚಿ ಹೇಳುತ್ತದೆ. ತರಗತಿಗೆ, ಬೀರುವಿಗಲ್ಲ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ‘ಜಾದೂಯಿ ಪಿಟಾರಾ’ ಎಂಬ ಸಾಮಗ್ರಿಯ ಪೆಟ್ಟಿಗೆಯನ್ನು ಹೊರತಂದಿತು. ಆಟಿಕೆ, ಒಗಟು, ಚಿತ್ರಪಟ, ಕಥೆಪುಸ್ತಕ ಎಲ್ಲವೂ ಅದರಲ್ಲಿವೆ. ಸಂತೋಷ. ನನ್ನ ಪ್ರಶ್ನೆ ಒಂದೇ: ಬೀಗದ ಕೈ ಯಾರ ಬಳಿ?

ಅಧಿಕಾರಿಗಳಲ್ಲಿ ನನ್ನ ಬೇಡಿಕೆಗಳು ಮೂರು. ಚಿಕ್ಕ ಮಕ್ಕಳ ಸಾಮಗ್ರಿಯನ್ನು ದಾಸ್ತಾನು ಪುಸ್ತಕದಲ್ಲಿ ಸೀಮೆಸುಣ್ಣದ ಸಾಲಿಗೆ ಸೇರಿಸಿ. ಕಳೆದರೆ ಶಿಕ್ಷಕರನ್ನು ಕೇಳಬೇಡಿ. ತಪಾಸಣೆಗೆ ಬಂದಾಗ ಎಷ್ಟು ಇವೆ ಎಂದು ಎಣಿಸಬೇಡಿ, ಎಷ್ಟು ಸವೆದಿವೆ ನೋಡಿ. ಹೊಸದಾಗಿಯೇ ಉಳಿದುದಕ್ಕೆ ಕಾರಣ ಕೇಳಿ. ಮತ್ತು ಪ್ರದರ್ಶನ ಏರ್ಪಡಿಸಲೇಬೇಕಾದರೆ, ಒಂದು ವರ್ಷ ಮಕ್ಕಳ ಕೈಯಲ್ಲಿದ್ದ ಸಾಮಗ್ರಿಯನ್ನು ಮಾತ್ರ ತರಲು ಹೇಳಿ. ಅಂಚು ಹರಿದ, ಬೆವರಿನ ಕಲೆ ಹಿಡಿದ, ಎರಡು ಸಲ ಅಂಟು ಕಂಡ ಆ ಕಾರ್ಡುಗಳಿಗೆ ಬಹುಮಾನ ಕೊಡಿ.

ಆ ದಿನ ನಾನು ಕೊಟ್ಟ ಮೊದಲ ಬಹುಮಾನದ ಬಗ್ಗೆ ಅಲ್ಲಿ ಗುಸುಗುಸು ನಡೆಯಿತಂತೆ. ಕಡೆಯ ಮೇಜಿನಲ್ಲಿ, ಚೀಟಿ ಅಂಟಿಸದೆ, ಹುಣಿಸೆಬೀಜ ತುಂಬಿದ ಮಾಸಿದ ಬಟ್ಟೆಚೀಲಗಳನ್ನು ಇಟ್ಟುಕೊಂಡು ಸಂಕೋಚದಿಂದ ಕುಳಿತಿದ್ದ ಒಬ್ಬ ಶಿಕ್ಷಕರಿದ್ದರು. ಒಂದು ಚೀಲವನ್ನು ಬಿಚ್ಚಿ ಎಣಿಸಿದೆ, ಒಂಬತ್ತೇ ಇದ್ದವು. “ಒಂದು ಕಳೆದುಹೋಗಿದೆ ಸಾರ್, ಮಕ್ಕಳು…” ಎಂದು ಅವರು ತಡವರಿಸಿದರು.

ಅದಕ್ಕಾಗಿಯೇ ಕೊಟ್ಟೆ.